ನೂರ ಹದಿನೆಂಟನೇ ನಂಬರಿನ ಕೋಟು

ಲಾಂಡ್ರಿಯ ಮೇಲಿನ ಮನೆ,
ಮಂಗಳವಾರ, ಮಧ್ಯಾಹ್ನ ಎರಡು ಗಂಟೆ

ಕಡ್ಡಿಯ ಅಪ್ಪನಿಗೆ,

ನಮಸ್ಕಾರ. ನಿಮ್ಮ ಮಂಡಿ ಹೇಗಿದೆ? ದೀಪಸ್ತಂಭದ ಮೆಟ್ಟಿಲನ್ನು ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚು ಹತ್ತಬೇಡಿ ಎಂದು ಡಾಕ್ಟರು ಹೇಳಿದ್ದರು, ನೀವು ಐದು ಸಲ ಹತ್ತುತ್ತೀರಿ ಎಂದು ದೋಣಿಯವರು ಹೇಳಿದರು. ನೀವು ಪದೇ ಪದೇ ಹೋಗಿ ಮುಖ ನೋಡದಿದ್ದರೂ ಆ ದೀಪ ಉರಿಯುತ್ತದೆ ರೀ. ಮಂಡಿಗೆ ಎಣ್ಣೆ ಮತ್ತು ಉಣ್ಣೆಯ ಪಟ್ಟಿ ಕಳಿಸುತ್ತಿದ್ದೇನೆ. ಎಣ್ಣೆಯನ್ನು ಬಿಸಿ ಮಾಡಿ ಹಚ್ಚಿ. ತಣ್ಣಗೇ ಬಳಿದುಕೊಂಡು, ಗುಣವಾಗಲಿಲ್ಲ ಎಂದು ನನಗೆ ಬರೆಯಬೇಡಿ. ದೇವರ ದಯದಿಂದ ನಾನು ಚೆನ್ನಾಗಿದ್ದೇನೆ. ಮಗಳಿಗೂ ಜ್ವರಗಿರ ಏನಿಲ್ಲ. ಊಟವನ್ನು ಮಾತ್ರ ಅರ್ಧಕ್ಕೆ ಬಿಟ್ಟು ಏಳುತ್ತಾಳೆ. ತಮಾಷೆಗೆ ಕಡ್ಡಿ ಎಂದು ಹೆಸರಿಟ್ಟಿರಿ, ಈಗ ನೋಡಿದರೆ ನಿಮಗೆ ಹಾಗೆ ಕರೆಯಲು ಬಾಯಿ ಬರುವುದಿಲ್ಲ.

ಸುತ್ತಿ ಬಳಸಿ ಹೇಳುವುದು ನನಗೆ ಗೊತ್ತಿಲ್ಲ. ಹೋದ ಶುಕ್ರವಾರ ವಿಶ್ವವಿದ್ಯಾಲಯದಿಂದ ಪತ್ರ ಬಂತು. ಅವಳಿಗೆ ಸೀಟು ಸಿಗಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ದ್ವೀಪದ ಫೋನಿಗೆ ಬೀದಿಗೆಲ್ಲ ಕೇಳುವಂತೆ ಕೂಗಬೇಕು, ನಮಗಿರುವುದು ಒಂದೇ ಕೋಣೆ, ಅವಳು ಪಕ್ಕದಲ್ಲೇ ಕೂತಿರುತ್ತಾಳೆ. ಅವಳ ಎದುರಿಗೆ ಹೇಳಲಾಗದ್ದು ಒಂದಿದೆ. ಅದಕ್ಕೇ ಈ ಪತ್ರ. ಕೂತುಕೊಂಡು ಓದಿ.

ಮೂವತ್ತು ಸಾವಿರ ಮಕ್ಕಳು ಪರೀಕ್ಷೆ ಬರೆಯುತ್ತಾರೆ, ಗಣಿತಕ್ಕೆ ತೆಗೆದುಕೊಳ್ಳುವುದು ಇಪ್ಪತ್ತೇ ಜನರನ್ನು. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಮೂರು ವರ್ಷದಿಂದ ಅದನ್ನೇ ಜಪ ಮಾಡಿದವರು ನೀವು. ಅವಳ ಹೆಡ್‌ಮಾಸ್ಟರು ಇಡೀ ಕ್ಲಾಸಿನ ಮುಂದೆ, "ನಮ್ಮ ಶಾಲೆಯಿಂದ ಆ ಯೂನಿವರ್ಸಿಟಿಗೆ ಇದುವರೆಗೂ ಹೋಗಿರೋದು ಒಂದೇ ಕಣಮ್ಮಾ, ನಮ್ಮ ಹಳೇ ಗೋಡೆ ಗಡಿಯಾರ. ಅದೂ ಮ್ಯೂಸಿಯಮ್ಮಿಗೆ" ಎಂದಿದ್ದರಂತೆ. ಅವಳು ಎಲ್ಲರ ಜೊತೆ ನಕ್ಕು ಬಂದು, ಇಲ್ಲಿ ಹೊದಿಕೆ ಹೊದ್ದು ಮಲಗಿದ್ದಳು. ಮಾರನೆಯ ದಿನದಿಂದ ಪಟ್ಟು ಹಿಡಿದಳು. ಕೆಳಗೆ ಇಸ್ತ್ರಿ ಯಂತ್ರ ಬುಸುಗುಟ್ಟುತ್ತಿದ್ದರೆ ಮೇಲೆ ಇವಳು ಲಾಂಡ್ರಿಯ ಹಳೆಯ ಚೀಟಿಗಳ ಬೆನ್ನ ಮೇಲೆ ಲೆಕ್ಕ ಮಾಡುತ್ತಿದ್ದಳು. ಚೀಟಿಯ ಒಂದು ಕಡೆ "ಪ್ಯಾಂಟು ಎರಡು, ಶರ್ಟು ನಾಲ್ಕು" ಎಂದು ನನ್ನ ಅಕ್ಷರ, ಇನ್ನೊಂದು ಕಡೆ ನನಗೆ ಏನೆಂದೂ ತಿಳಿಯದ ಅವಳ ಅಕ್ಷರ. ಲಿಖಿತ ಪರೀಕ್ಷೆಯಲ್ಲಿ ಪಾಸಾದಳೆಂದು ತಿಳಿಸಿದ ದಿನ ನೀವು ಫೋನಿನಲ್ಲಿ ಕೂಗಿದ ಕೂಗಿಗೆ ನನ್ನ ಕಿವಿ ಎರಡು ದಿನ ಗುಂಯ್ ಎನ್ನುತ್ತಿತ್ತು.

ಸಂದರ್ಶನಕ್ಕೆ ನಾನೇ ಕರೆದುಕೊಂಡು ಹೋಗಿದ್ದೆ. ಮೂರು ಜನ ಕೂತು ನಲವತ್ತು ನಿಮಿಷ ಕೇಳಿದರಂತೆ. ಹೊರಗೆ ಬಂದವಳ ಮುಖ ಕೆಂಪಗಾಗಿತ್ತು. "ಅಮ್ಮಾ, ಅವರು ಹೇಳಿದ ದಾರಿ ಬಿಟ್ಟು ಇನ್ನೊಂದು ದಾರೀಲಿ ಮಾಡಿ ತೋರಿಸ್ಬಿಟ್ಟೆ. ಅಧಿಕಪ್ರಸಂಗ ಆಯ್ತೇನೋ" ಎಂದಳು. ಬಸ್ಸಿನಲ್ಲಿ ಬರುವಾಗ ಅಷ್ಟೂ ದಾರಿ ಕಿಟಕಿಯ ಗಾಜಿನ ಮೇಲೆ ಬೆರಳಿನಲ್ಲಿ ಏನೋ ಬರೆಯುತ್ತಿದ್ದಳು.

ಈಗ ಕೋಟಿನ ವಿಷಯ. ಅಂಗಡಿಯಲ್ಲಿ ನನ್ನ ಕೆಲಸ ನಿಮಗೆ ಗೊತ್ತಿದೆ, ಆದರೂ ಬರೆಯುತ್ತೇನೆ, ಇಲ್ಲದಿದ್ದರೆ ನಾನು ಮಾಡಿದ್ದು ಅರ್ಥವಾಗುವುದಿಲ್ಲ. ಬಂದ ಬಟ್ಟೆಗೆ ನಂಬರು ಕಟ್ಟುತ್ತೇನೆ, ಜೇಬುಗಳನ್ನು ನೋಡುತ್ತೇನೆ. ಜೇಬಿನಲ್ಲಿ ಚಿಲ್ಲರೆ, ಪೆನ್ನು, ಬಸ್ ಟಿಕೆಟ್ಟು, ಏನೇ ಸಿಕ್ಕಿದರೂ ಒಂದು ಸಣ್ಣ ಲಕೋಟೆಗೆ ಹಾಕಿ, ಅದೇ ನಂಬರು ಬರೆದು, ಒಗೆದ ಬಟ್ಟೆಯ ಹ್ಯಾಂಗರಿಗೆ ಪಿನ್ನು ಮಾಡುತ್ತೇನೆ. ಹದಿನೇಳು ವರ್ಷದಲ್ಲಿ ಒಂದು ಲಕೋಟೆಯೂ ಹೆಚ್ಚುಕಡಿಮೆಯಾಗಿಲ್ಲ. ನೂರ ಹದಿನೆಂಟನೇ ನಂಬರು ಒಬ್ಬ ಪ್ರೊಫೆಸರದು. ಕಂದು ಕೋಟು, ತೋಳಿನ ತುಂಬ ಸೀಮೆಸುಣ್ಣದ ಪುಡಿ, ಜೇಬಿನಲ್ಲಿ ಯಾವಾಗಲೂ ಪೆಪ್ಪರಮೆಂಟಿನ ಕಾಗದ. ಇಸ್ತ್ರಿಯವರು, "ಈ ವಯಸ್ಸಲ್ಲಿ ಇಷ್ಟು ಪೆಪ್ಪರಮೆಂಟು ತಿಂದ್ರೆ ಹಲ್ಲು ಎಲ್ಲಿ ಉಳೀತಾವೆ?" ಎಂದು ನಗುತ್ತಾರೆ. ಸಂದರ್ಶನಕ್ಕೆ ಕರೆದ ಕಾಗದದ ಕೆಳಗೆ ಸಹಿ ಮಾಡಿದ್ದವರು ಇವರೇ. ನಮ್ಮ ರಿಜಿಸ್ಟರಿನಲ್ಲಿ ನಾನೇ ಬರೆದ ಹೆಸರು ನನಗೆ ಗೊತ್ತಾಗದೇ ಇರುತ್ತದೆಯೇ?

ಸಂದರ್ಶನವಾದ ನಾಲ್ಕನೆಯ ದಿನ ಆ ಕೋಟು ಒಗೆಯಲು ಬಂತು. ದೇವರೇ ಕಳಿಸಿದ ಎಂದುಕೊಂಡೆ. ಸುಳ್ಳು ಹೇಳುವುದಿಲ್ಲ, ಕೈ ಮುಗಿದೆ. ಒಳಜೇಬಿನ ಹೊಲಿಗೆ ಬಿಚ್ಚಿಹೋಗಿತ್ತು, ಅದನ್ನು ಕೂತು ಹೊಲಿದೆ. ಆಮೇಲೆ ಒಂದು ಚೀಟಿ ಬರೆದು, ಪೆಪ್ಪರಮೆಂಟಿನ ಕಾಗದಗಳ ಜೊತೆ ಅದೇ ಲಕೋಟೆಯಲ್ಲಿ ಇಟ್ಟೆ. ಬರೆದದ್ದು ಇಷ್ಟೇ: "ಸ್ವಾಮೀ, ನಿಮ್ಮ ಮುಂದೆ ಕೂತು ಲೆಕ್ಕ ಮಾಡಿದ ಹುಡುಗಿ ನನ್ನ ಮಗಳು. ಅವಳ ನಂಬರು ಇದು. ದಯವಿಟ್ಟು ಅವಳ ಕಡೆ ಸ್ವಲ್ಪ ನೋಡಿ. ಒಳಜೇಬು ಹೊಲಿದಿದ್ದೇನೆ, ಅದಕ್ಕೆ ದುಡ್ಡು ಬೇಡ."

ನೀವು ಈಗ ತಲೆಯ ಮೇಲೆ ಕೈ ಇಟ್ಟುಕೊಂಡಿರುತ್ತೀರಿ. ನನಗೆ ಮಾತ್ರ ಆಗ ಒಂದಿಷ್ಟೂ ಅಳುಕಿರಲಿಲ್ಲ. ನಮ್ಮ ಹಳ್ಳಿಯ ಶಾಲೆಯಲ್ಲಿ ಪ್ರತಿ ವರ್ಷ ನಮ್ಮಪ್ಪ ಮೇಷ್ಟ್ರ ಮನೆಯ ಬಾಗಿಲಿಗೆ ಹೋಗಿ, "ನಮ್ಮ ಹುಡುಗೀನ ಸ್ವಲ್ಪ ನೋಡ್ಕೊಳಿ ಮೇಷ್ಟ್ರೇ" ಎಂದು ಹೇಳಿ, ಅವರ ಬೇಲಿಯ ಮುರಿದ ಗೂಟವನ್ನು ನೆಟ್ಟಗೆ ಮಾಡಿ ಬರುತ್ತಿದ್ದರು. ಅದು ಮರ್ಯಾದೆ. ಹೋಗಿ ಕೇಳದೆ ಇದ್ದವರಿಗೆ ಜಂಬ ಎನ್ನುತ್ತಿದ್ದರು. ಅರ್ಜಿಯ ಹಿಂದಿನ ನಿಯಮಗಳನ್ನು ಕಡ್ಡಿ ನನಗೆ ಓದಿ ಹೇಳಿಯೇ ಸಹಿ ಹಾಕಿಸಿಕೊಂಡಿದ್ದಳು. ಶಿಫಾರಸು ತಂದರೆ, ಉಡುಗೊರೆ ಕೊಟ್ಟರೆ ಅರ್ಜಿ ರದ್ದು ಎಂದಿತ್ತು. ಅದು ದೊಡ್ಡವರ ಮಕ್ಕಳಿಗೆ, ಮಂತ್ರಿಗಳ ಕಾಗದ ತರುವವರಿಗೆ ಎಂದು ತಿಳಿದೆ. ಬಟ್ಟೆ ಒಗೆಯುವ ಅಂಗಡಿಯ ಹೆಂಗಸಿನ ಮಾತನ್ನು ಯಾರಾದರೂ ಶಿಫಾರಸು ಎನ್ನುತ್ತಾರೆಯೇ? ದೇವರ ಮುಂದೆ ಹೇಗೆ ಕೇಳುತ್ತೇನೋ ಹಾಗೆಯೇ ಕೇಳಿದ್ದೆ.

ಶುಕ್ರವಾರದ ಪತ್ರದಲ್ಲಿ ಎರಡೇ ಸಾಲು ಇತ್ತು. ಅರ್ಜಿಯನ್ನು ಮುಂದೆ ಪರಿಗಣಿಸಲಾಗುವುದಿಲ್ಲವೆಂದು ವಿಷಾದದಿಂದ ತಿಳಿಸುತ್ತೇವೆ, ಅಷ್ಟೆ. ಕಾರಣವಿಲ್ಲ. ಅವಳು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಸಂದರ್ಶನದಲ್ಲಿ ಮಾಡಿದ ಲೆಕ್ಕವನ್ನು ಮತ್ತೆ ಬರೆದು, ಎಲ್ಲಿ ತಪ್ಪಿದೆ ಎಂದು ಮೂರು ದಿನ ಹುಡುಕಿದಳು. ತಪ್ಪು ಸಿಗಲಿಲ್ಲ. ಸಿಗದಿದ್ದಕ್ಕೆ ಇನ್ನೂ ಕುಗ್ಗಿದಳು. "ಅಮ್ಮಾ, ನನ್ನ ತಪ್ಪು ನನಗೇ ಕಾಣಿಸ್ತಿಲ್ಲ ಅಂದ್ರೆ ನನಗೆ ತಲೆ ಇಲ್ಲ ಅಂತಲೇ ಅರ್ಥ. ಇಷ್ಟು ದಿನ ಇದೆ ಅಂದ್ಕೊಂಡಿದ್ದೆ" ಎಂದಳು. ನಾನು ಅನ್ನ ಬಸಿಯುತ್ತಿದ್ದೆ, ಗಂಜಿ ಕೈ ಮೇಲೆ ಚೆಲ್ಲಿತು. ಸುಟ್ಟದ್ದು ಗೊತ್ತಾಗಲಿಲ್ಲ.

ಕಾರಣ ನನಗೆ ಗೊತ್ತಿತ್ತು. ಪತ್ರ ಬರುವುದಕ್ಕೆ ಎರಡು ದಿನ ಮೊದಲೇ, ಬುಧವಾರ, ಪ್ರೊಫೆಸರು ಅಂಗಡಿಗೆ ಬಂದಿದ್ದರು. ಕೈಯಲ್ಲಿ ಬಟ್ಟೆ ಇರಲಿಲ್ಲ. ನನ್ನ ಚೀಟಿಯ ನಕಲನ್ನು ಮೇಜಿನ ಮೇಲಿಟ್ಟು, "ಇದು ನಿಮ್ಮ ಕೈಬರಹಾನೇನಮ್ಮಾ?" ಎಂದರು. ಹೌದು ಎಂದೆ. ನೀವು ನಂಬುವುದಿಲ್ಲ, ಆಗಲೂ ಒಳ್ಳೆಯ ಸುದ್ದಿ ಇರಬೇಕೆಂದೇ ಸೆರಗಿನಲ್ಲಿ ಕೈ ಒರೆಸಿಕೊಂಡು ನಿಂತಿದ್ದೆ. "ಇದನ್ನ ನಾನು ಸಮಿತಿಗೆ ಕೊಡಲೇಬೇಕಾಯ್ತು. ಓದಿದ ಮೇಲೆ ಓದಿಲ್ಲ ಅಂತ ಹೇಗೆ ಹೇಳ್ಲಿ? ಮಂತ್ರಿ ಚೀಟಿ ಬಂದಾಗ್ಲೂ ಇದನ್ನೇ ಮಾಡಿದೀನಿ" ಎಂದರು. ಗದರಿಸಲಿಲ್ಲ. ಗದರಿಸಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು. ತಪ್ಪು ನನ್ನದು ಸಾರ್, ನನ್ನನ್ನು ಕೆಲಸದಿಂದ ತೆಗೆಸಿ, ಪೊಲೀಸರಿಗೆ ಕೊಡಿ, ಮಗುವಿನ ಹೆಸರು ಉಳಿಸಿ ಎಂದು ಬೇಡಿದೆ. "ಚೀಟೀಲಿ ಇರೋದು ಅವಳ ನಂಬರಮ್ಮಾ" ಎಂದರು. ಆಮೇಲೆ, ನನಗೆ ಹೇಳಬಾರದಿತ್ತೋ ಏನೋ, ಹೇಳಿಬಿಟ್ಟರು. "ಸಂದರ್ಶನದ ದಿನವೇ ಪಟ್ಟಿ ಮಾಡಿದ್ವಿ. ಇಪ್ಪತ್ತರಲ್ಲಿ ಮೂರನೇ ಹೆಸರು ನಿಮ್ಮ ಮಗಳದು. ಅವಳು ತೋರಿಸಿದ ದಾರಿ ನನಗೂ ಹೊಳೆದಿರಲಿಲ್ಲ."

"ಹಾಗಾದ್ರೆ ಚೀಟಿ ಬೇಕಿರಲಿಲ್ವಾ ಸಾರ್?" ಎಂದೆ.

"ಬೇಕಿರಲಿಲ್ಲಮ್ಮಾ" ಎಂದರು.

ಹೊಲಿಗೆಗೆ ಎಷ್ಟು ಎಂದು ಕೇಳಿ, ದುಡ್ಡು ಕೊಟ್ಟು, ರಸೀದಿ ಬರೆಸಿಕೊಂಡು ಹೋದರು. ಬಾಗಿಲಲ್ಲಿ ನಿಂತು ಇನ್ನೆರಡು ಮಾತು ಹೇಳಿದರು. ಪತ್ರದಲ್ಲಿ ಕಾರಣ ಬರೆಯಬಾರದೆಂದು ಅವರೇ ಸಮಿತಿಯನ್ನು ಕೇಳಿಕೊಂಡಿದ್ದಾರಂತೆ, ಮಗಳಿಗೆ ಹೇಳುವುದು ಬಿಡುವುದು ನನಗೆ ಸೇರಿದ್ದಂತೆ. ಇನ್ನು ಮುಂದೆ ಯಾವ ವರ್ಷವೂ ಅವಳು ಅಲ್ಲಿಗೆ ಅರ್ಜಿ ಹಾಕುವಂತಿಲ್ಲವಂತೆ. ಅಂದಿನಿಂದ ಅವರ ಕೋಟು ನಮ್ಮ ಅಂಗಡಿಗೆ ಬಂದಿಲ್ಲ. ಗುರುವಾರ, ಶುಕ್ರವಾರ ಎರಡೂ ದಿನ ಅವಳು ಅಂಚೆಯವನಿಗಾಗಿ ಮೆಟ್ಟಿಲ ಮೇಲೆ ಕೂತದ್ದನ್ನು ನೋಡುತ್ತಾ ನಾನು ಪರರ ಜೇಬುಗಳಲ್ಲಿ ಕೈ ಹಾಕುತ್ತಿದ್ದೆ.

ಈಗ ನೋಡಿ. ನಿನ್ನೆಯಿಂದ ಅವಳು ಮೊದಲನೇ ಪುಸ್ತಕವನ್ನು ಮೊದಲನೇ ಪುಟದಿಂದ ತೆಗೆದಿದ್ದಾಳೆ. ಬರುವ ವರ್ಷ ಮತ್ತೆ ಬರೆಯುತ್ತಾಳಂತೆ. ಬೇರೆ ಕಾಲೇಜಿನ ಹೆಸರೆತ್ತಿದರೆ, "ಒಂದು ಸಲ ಸೋತಿದ್ದಕ್ಕೇ ಓಡಿಹೋಗ್ಲಾ?" ಎನ್ನುತ್ತಾಳೆ. ಆ ಕಾಲೇಜುಗಳ ಅರ್ಜಿಗೆ ಇದೇ ಶನಿವಾರ ಕೊನೆ. ಬಾಯಿ ಮುಚ್ಚಿಕೊಂಡಿದ್ದರೆ ಮುಚ್ಚಿದ ಬಾಗಿಲ ಮುಂದೆ ಅವಳ ಒಂದು ವರ್ಷ ಹೋಗುತ್ತದೆ, ತಲೆ ಇಲ್ಲ ಎನ್ನುವುದು ಅವಳ ಮನಸ್ಸಿನಲ್ಲಿ ಗಟ್ಟಿಯಾಗುತ್ತದೆ. ಹೇಳಿದರೆ ನನ್ನ ಮುಖ ನೋಡುತ್ತಾಳೋ ಇಲ್ಲವೋ. ದಿನಾ ಬೆಳಿಗ್ಗೆ ಹೇಳಬೇಕೆಂದು ಏಳುತ್ತೇನೆ, ಅವಳು "ಅಮ್ಮಾ, ಟೀ ಆಯ್ತಾ?" ಎಂದರೆ ಸಾಕು, ಒಲೆಯ ಕಡೆ ತಿರುಗಿಬಿಡುತ್ತೇನೆ. ಪ್ರಾರ್ಥನೆಗೆ ಕೂತರೂ ಅಷ್ಟೆ, ಏನನ್ನಾದರೂ ಕೇಳಿಕೊಳ್ಳಲು ಭಯ. ಕೇಳಿಕೊಂಡೇ ಅಲ್ಲವೇ ಇಷ್ಟಾದದ್ದು?

ಅದಕ್ಕೇ ನಿಮ್ಮನ್ನು ಬೇಡುತ್ತೇನೆ. ಈ ಪತ್ರ ತರುವ ದೋಣಿಯೇ ಗುರುವಾರ ವಾಪಸು ಬರುತ್ತದೆ. ಅವಳಿಗೆ ನೀವೇ ಒಂದು ಪತ್ರ ಬರೆದು ಎಲ್ಲವನ್ನೂ ಹೇಳಿ. ನಿಮ್ಮ ಮಾತನ್ನು ಅವಳು ತಾಳಿಕೊಳ್ಳುತ್ತಾಳೆ. ನನ್ನನ್ನು ಬೈದು ಬರೆಯಬೇಕೆನಿಸಿದರೆ ಬೈದೇ ಬರೆಯಿರಿ, ಮೃದು ಮಾಡಬೇಡಿ. ದೋಣಿಯವರು ನಾಲ್ಕು ಗಂಟೆಗೆ ಬರುತ್ತೇನೆಂದಿದ್ದಾರೆ. ಮಂಡಿ ಜೋಪಾನ. ನಿಮ್ಮನ್ನು ಆ ಬಂಡೆಯ ಮೇಲೆ ದೇವರು ಕಾಯಲಿ. ಇಲ್ಲಿ ನಮ್ಮನ್ನೂ ಕಾಯಲಿ ಎಂದು ಬರೆಯಲು ಹೋಗಿ ಕೈ ತಡೆಯಿತು, ಆದರೂ ಬರೆದಿದ್ದೇನೆ.

ನಿಮ್ಮ,
ಕಡ್ಡಿಯ ಅಮ್ಮ

ಇನ್ನೊಂದು ಮಾತು — ಅಕ್ಷರ ಕೆಟ್ಟಿದ್ದರೆ ಕ್ಷಮಿಸಿ, ನಿಂತುಕೊಂಡು ಬರೆಯುತ್ತಿದ್ದೇನೆ. ಶಾಯಿ ಒಣಗದ ಈ ಹಾಳೆಯನ್ನು ಕೈಯಲ್ಲೇ ಹಿಡಿದು ನಾನು ಎಣ್ಣೆಯ ಬಾಟಲಿಗೆ ದಾರ ತರಲು ಕೆಳಗೆ ಹೋದಾಗ ಅವಳು ಗ್ರಂಥಾಲಯದಿಂದ ಬೇಗ ಬಂದುಬಿಟ್ಟಳು. ನಿಮಗೆ ತಾನೂ ಎರಡು ಸಾಲು ಬರೆಯೋಣವೆಂದು ಮೇಜಿನ ಮೇಲಿದ್ದ ಮೊದಲ ಎರಡು ಹಾಳೆ ತೆಗೆದುಕೊಂಡವಳು ಓದುತ್ತಾ ಕೂತಿದ್ದಾಳೆ. ಕಿತ್ತುಕೊಳ್ಳಲು ಹೋದೆ, ಆಗಲೇ ಎರಡನೇ ಹಾಳೆಗೆ ಬಂದಿದ್ದಳು. ಚೀಟಿಯ ವಿಷಯ ಅವಳ ಕೈಯಲ್ಲಿದೆ. ಪ್ರೊಫೆಸರು ಬಂದದ್ದು, ಮೂರನೇ ಹೆಸರು, ಇನ್ನು ಯಾವತ್ತೂ ಇಲ್ಲ ಎಂದದ್ದು, ಅದೆಲ್ಲ ಈ ಹಾಳೆಯಲ್ಲಿದೆ, ಇದು ನನ್ನ ಹತ್ತಿರವೇ ಇದೆ. ಒಲೆ ಉರಿಯುತ್ತಿದೆ, ಹಾಕಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಅವಳಿಗೆ ತಲೆ ಇದೆ ಎಂದು ಬರೆದಿರುವುದೂ ಇದೇ ಹಾಳೆಯಲ್ಲಿ. ಓದಿ ಮುಗಿಸಿದಳು. ಮುಖ ಎತ್ತಿಲ್ಲ. "ಇನ್ನೊಂದು ಹಾಳೆ ಎಲ್ಲಮ್ಮಾ?" ಎಂದು ಕೈ ಚಾಚಿದ್ದಾಳೆ. ಕೊಡುತ್ತಿದ್ದೇನೆ.