ಪರೀಕ್ಷೆ ಇಲ್ಲದ ಬುಧವಾರ

ಲಾಂಡ್ರಿ ಮೇಲಿನ ಕೋಣೆ,
ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಪಕ್ಕೆಲುಬಿನ ನೋವು ಇಳಿಯಿತೇ? ಕೆಮ್ಮಿದರೆ ಈಗಲೂ ಚುಚ್ಚುತ್ತದೆಯೇ? ಹೊತ್ತಿಗೆ ಸರಿಯಾಗಿ ಉಣ್ಣು, ಟೈಲರಮ್ಮ ಬೈದರೆ ಬೈಸಿಕೊಂಡು ಉಣ್ಣು. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲಾಗಿದೆ ಎಂದು ನಗಬೇಡ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈಗೆ ಪ್ಲಾಸ್ಟರ್ ಹಾಕಿದ್ದಾರೆ. ಯಾರು ಮುರಿದರು ಎಂದು ನಿನಗೆ ಬಿಡಿಸಿ ಹೇಳಬೇಕಿಲ್ಲ.

ಹೌದು, ನೀನು ಹೆದರಿದ ಹಾಗೇ ನಿನ್ನ ಗಂಡ ಬಂದಿದ್ದ. ಇಷ್ಟು ವರ್ಷ ‘ಭಾವ ಬಂದರು, ಭಾವ ಹೋದರು’ ಎಂದು ಮರ್ಯಾದೆ ಕೊಟ್ಟದ್ದು ಸಾಕು. ನಾನು ನೆಲದ ಮೇಲೆ ನಕ್ಷೆ ಹರಡಿಕೊಂಡು ವಿಮಾನದ ದಾರಿಗೆ ಗೆರೆ ಎಳೆಯುತ್ತಿದ್ದೆ. “ಎಲ್ಲಿ ಬಚ್ಚಿಟ್ಟಿದ್ದೀಯೇ ಅವಳನ್ನ?” ಅಂದ. ಗೊತ್ತಿಲ್ಲ ಅನ್ನುವಷ್ಟರಲ್ಲಿ ಜುಟ್ಟು ಹಿಡಿದು ಮುಖವನ್ನು ಗೋಡೆಗೆ ಜಜ್ಜಿದ. ನಕ್ಷೆಯ ಮೇಲೆಲ್ಲ ರಕ್ತ. ನಾನು ಅವನ ಕೈಯನ್ನೇ ನೋಡುತ್ತಿದ್ದೆ, ಕಾಲು ನೋಡಲಿಲ್ಲ. ಬೂಟನ್ನು ನನ್ನ ಮಣಿಕಟ್ಟಿನ ಮೇಲಿಟ್ಟು ಇಡೀ ಮೈಭಾರ ಬಿಟ್ಟ. ಮೂಳೆ ಲಟ್ಟೆಂದದ್ದು ನನಗೇ ಕೇಳಿಸಿತು. ನಾನೇನು ಸುಮ್ಮನೆ ಬಿದ್ದಿರಲಿಲ್ಲ. ಮೀನಖಂಡಕ್ಕೆ ಬಾಯಿ ಹಾಕಿ ರಕ್ತ ಬರುವ ಹಾಗೆ ಕಚ್ಚಿದೆ, ಎಡಗೈಗೆ ಸಿಕ್ಕ ಇಸ್ತ್ರಿ ಪೆಟ್ಟಿಗೆಯಿಂದ ಮಂಡಿಚಿಪ್ಪಿಗೆ ಬಾರಿಸಿದೆ. ಗಲಾಟೆ ಕೇಳಿ ಲಾಂಡ್ರಿ ಅಜ್ಜಿ ಕೋಲು ಹಿಡಿದು ಮೇಲೆ ಬಂದವರು “ಇನ್ನೊಂದು ಏಟು ಬಿಡು ಕಣೇ, ಅವನಿಗೆ ಇನ್ನೊಂದು ಮಂಡೀನೂ ಇದೆ” ಎಂದರು. ಕುಂಟುತ್ತಾ ಓಡಿದ. ಸತ್ತೇ ಹೋಗಲಿ ಎಂದೇ ಹೊಡೆದೆ ಅಕ್ಕಾ, ಸುಳ್ಳೇಕೆ ಹೇಳಲಿ.

ಇನ್ನು ನನ್ನ ಪೈಲಟ್ ಪರೀಕ್ಷೆಯ ವಿಷಯ. ವಿಮಾನಯಾನ ಕಾನೂನಿನ ಪತ್ರಿಕೆಯನ್ನು ಅವನು ಬರುವ ಮುಂಚೆಯೇ ಪಾಸು ಮಾಡಿದ್ದೆ. ಒಂದು ಪಾಸಾದರೆ ಉಳಿದವೆಲ್ಲ ಗಡುವಿನೊಳಗೆ ಮುಗಿಯಬೇಕು, ಇಲ್ಲವಾದರೆ ಪಾಸಾದದ್ದೂ ನೀರಲ್ಲಿ ಹೋಮ. ಹಾಗಾಗಿ ಕೈ ವಾಸಿಯಾಗಲಿ ಎಂದು ಕೂರುವಂತಿಲ್ಲ. ಹಾರಾಟ ಕಲಿಸುವ ಮೇಷ್ಟ್ರು ಹವಾಮಾನ, ದಾರಿ ಲೆಕ್ಕ ಹಾಕುವ ನೇವಿಗೇಷನ್ ಎರಡನ್ನೂ ಒಟ್ಟಿಗೆ ಬರೆ ಎಂದಿದ್ದರು, ಒಂದರ ಗಾಳಿ ಇನ್ನೊಂದರ ಲೆಕ್ಕಕ್ಕೆ ಬೇಕಲ್ಲ. ಆದರೆ ನೇವಿಗೇಷನ್‌ಗೆ ಸ್ಕೇಲು ಹಿಡಿಯಲು ಒಂದು ಕೈ, ಗೆರೆ ಎಳೆಯಲು ಇನ್ನೊಂದು. ಅದಕ್ಕೇ ಅದನ್ನು ಕೊನೆಗೆ ತಳ್ಳಿದೆ. ಮೊದಲು ಪೈಲಟ್‌ನ ಮೈಮನಸ್ಸಿನ ಪತ್ರಿಕೆ, ಆಮೇಲೆ ಎಂಜಿನ್, ಆಮೇಲೆ ಹವಾಮಾನ. ಇವಕ್ಕೆ ಎಡಗೈಯಲ್ಲಿ ಟಿಕ್ ಹಾಕಿದರೆ ಸಾಕು. ಹೆದರಿದವರ ಕಣ್ಣು ಒಂದೇ ಕಡೆ ನೆಟ್ಟು, ಬೇರೇನೂ ಕಾಣುವುದಿಲ್ಲವೆಂದು ಮೈಮನಸ್ಸಿನ ಪುಸ್ತಕದಲ್ಲಿದೆ. ಆ ಪಾಠ ನನಗೆ ಓದುವ ಮೊದಲೇ ಆಗಿತ್ತು.

ನಿನ್ನ ಕಾಗದ ಓದಿ ಮೈಯೆಲ್ಲ ಉರಿಯಿತು. “ನಿನ್ನ ಪರೀಕ್ಷೆ ಮುಗಿಯೋವರೆಗಾದ್ರೂ ಅವನ ಹತ್ರ ವಾಪಸ್ ಹೋಗಿರ್ತೀನಿ ಕಣೇ, ಆಗ ನಿನ್ನ ತಂಟೆಗೆ ಬರಲ್ಲ” ಅಂತೀಯಲ್ಲ! ನಾಯಿ ಬಾಲ ಎಂದಾದರೂ ನೆಟ್ಟಗಾದದ್ದುಂಟೇ? ನೀನು ಆ ಹೊಸ್ತಿಲು ತುಳಿದರೆ ನಾನು ಪುಸ್ತಕಗಳನ್ನೆಲ್ಲ ಒಲೆಗೆ ಹಾಕುತ್ತೇನೆ. ನೀನು ಒದೆ ತಿಂದು ನಾನು ಹಾರುವುದು ಬೇಡ.

ನಿನ್ನನ್ನು ಮನೆಯಲ್ಲಿಟ್ಟುಕೊಂಡ ಟೈಲರಮ್ಮನಿಗೆ ನಮಸ್ಕಾರ ತಿಳಿಸು. ಅವರ ದೊಡ್ಡ ಕತ್ತರಿ ನಿನ್ನ ಕೈಗೆಟಕುವ ಹಾಗೇ ಇರಲಿ.

ನಿನ್ನ ತಂಗಿ,
ಚೋಟು ಮೆಣಸಿನಕಾಯಿ

ಇದೊಂದು ಉಳಿಯಿತು: ಹವಾಮಾನಕ್ಕೂ ನೇವಿಗೇಷನ್‌ಗೂ ನಡುವೆ, ಏಪ್ರಿಲ್ ೨ರ ಬುಧವಾರ, ಖಾಲಿ ಬಿಟ್ಟಿದ್ದೇನೆ. ಮೇಷ್ಟ್ರು ಕೇಳಿದ್ದಕ್ಕೆ ಕೈಗೆ ವಿಶ್ರಾಂತಿ ಎಂದೆ. ಅವತ್ತು ಕೋರ್ಟು. ಪೊಲೀಸರಿಗೆ ದೂರು ಕೊಟ್ಟಿದ್ದೇನೆ. ನಾನೇ ಮೇಲೆ ಬಿದ್ದು ಹೊಡೆದೆ ಎಂದು ಅವನು ಮಂಡಿ ತೋರಿಸುತ್ತಿದ್ದಾನೆ. ನಿನ್ನ ಪಕ್ಕೆಲುಬಿನ ಎಕ್ಸ್‌ರೇ ತೆಗೆದುಕೊಂಡು ಬಾ. ಲಾಂಡ್ರಿ ಅಜ್ಜಿ ಸಾಕ್ಷಿಗೆ ಬರುತ್ತಾರೆ, ಆದರೆ ಪಕ್ಕದಲ್ಲಿ ನನಗೆ ನೀನು ಬೇಕು. ಒಬ್ಬಳೇ ನಿಂತರೆ ನನಗೆ ಅವನ ಬೂಟು ಮಾತ್ರ ಕಾಣುತ್ತದೆ, ಅಕ್ಕಾ.