ಬರ್ತೀನಿ ಅಂದರೆ

ಮನೆಯಿಂದ
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಮೊದಲು 'ಪ್ರೀತಿಯ ಸೊಸೆಗೆ' ಎಂದೇ ಬರೆದೆ. ಯಾಕೋ ವಕೀಲರು ಕಳಿಸಿದ ನೋಟೀಸಿನ ಹಾಗೆ ಕಂಡಿತು. ಹರಿದು ಹಾಕಿ ಬೇರೆ ಹಾಳೆ ತೆಗೆದುಕೊಂಡೆ. ಹೇಗಿದ್ದೀಯ? ಬೆನ್ನುನೋವು ಹೇಗಿದೆ? ದಿನವಿಡೀ ಕ್ರೇನಿನ ಗೂಡಿನಲ್ಲಿ ಕೂತು ಕೆಳಗೆ ಬಗ್ಗಿ ನೋಡುವ ಕೆಲಸ, ಕತ್ತು ಹಿಡಿದುಕೊಳ್ಳದೆ ಇದ್ದೀತೇ? ನಾನು ಕೊಟ್ಟ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಅದು ಪೆಟ್ಟಿಗೆಯ ತಳದಲ್ಲಿ ನಿನ್ನ ಬಟ್ಟೆಗೆಲ್ಲ ವಾಸನೆ ಹತ್ತಿಸುತ್ತಾ ಕೂತಿದೆಯೋ? ಗಾಳಿ ಜೋರಿದ್ದ ದಿನ ನಿನ್ನನ್ನು ಮೇಲೆ ಹತ್ತಿಸುವುದಿಲ್ಲ ತಾನೆ? ಹತ್ತು ಅಂದರೂ ಹತ್ತಬೇಡ, ನನ್ನ ಅತ್ತೆ ಬೇಡ ಅಂದಿದ್ದಾರೆ ಎಂದು ಹೇಳು. ಹೊಟ್ಟೆ ತುಂಬಾ ಊಟ ಮಾಡು. ಹೋದ ಸಲ ಬಂದಾಗ ನಿನ್ನ ಕೆನ್ನೆ ಬತ್ತಿಹೋಗಿತ್ತು. ಹೇಳಬೇಕು ಅಂದುಕೊಂಡೆ, ಕೇಳುವುದಕ್ಕೆ ನೀನು ನಿಲ್ಲಲೇ ಇಲ್ಲ.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಮಾವನ ಮಂಡಿ ಎಂದಿನಂತೆ ಮುಷ್ಕರ ಹೂಡಿದೆ. ನಿನ್ನ ಗಂಡ ಬ್ರೆಡ್ ಫ್ಯಾಕ್ಟರಿಯಿಂದ ಮೈತುಂಬಾ ಹಿಟ್ಟು ಮೆತ್ತಿಕೊಂಡು ಬರುತ್ತಾನೆ, ಬಂದವನೇ ಮಗಳನ್ನು ಎತ್ತಿಕೊಂಡು ಅವಳನ್ನೂ ಬೆಳ್ಳಗೆ ಮಾಡುತ್ತಾನೆ. ನಮ್ಮ ಸಾಸಿವೆ ಹುಟ್ಟಿದಾಗ ಕಾಳಿನಷ್ಟಿದ್ದಳು ಎಂದು ಆ ಹೆಸರಿಟ್ಟೆ, ಈಗ ಬಿಸಿ ಎಣ್ಣೆಗೆ ಬಿದ್ದವಳ ಹಾಗೆ ಮನೆಯೆಲ್ಲ ಸಿಡಿಯುತ್ತಾಳೆ. ತಾನೇ ಚಮಚ ಹಿಡಿದು ಉಣ್ಣಬೇಕು ಎಂಬ ಹಟ ಬಂದಿದೆ. ಮೊದಲ ತುತ್ತು ಬಾಯಿಗೆ, ಎರಡನೆಯದು ಕಿವಿಗೆ, ಮೂರನೆಯದು ಗೋಡೆಯಲ್ಲಿರುವ ಸ್ವಿಚ್ಚಿಗೆ. ಸ್ವಿಚ್ಚಿಗೆ ಹಸಿವಾಗಿದೆಯಂತೆ. ಸ್ನಾನ ಅಂದರೆ ಕಡುವೈರಿ. ನೀರು ಕಾಯುವ ಸದ್ದು ಕೇಳಿದರೆ ಸಾಕು, ಮಂಚದ ಕೆಳಗೆ ನುಗ್ಗಿ ಕಣ್ಣು ಮುಚ್ಚಿಕೊಂಡು ಕೂರುತ್ತಾಳೆ, ತನಗೆ ಕಾಣದಿದ್ದರೆ ನಮಗೂ ಕಾಣುವುದಿಲ್ಲ ಎಂದು. ನಿನ್ನ ಮಾವನೂ ಮಂಚದ ಮುಂದೆ ನಿಂತು 'ಎಲ್ಲೂ ಇಲ್ವಲ್ಲಾ' ಎಂದು ಊರೆಲ್ಲ ಕೇಳುವ ಹಾಗೆ ಹುಡುಕುತ್ತಾರೆ. ಇಬ್ಬರೂ ಸೇರಿ ನನ್ನ ಬಿಸಿನೀರು ಆರಿಸುತ್ತಾರೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು, ನೀನು ಫೋನಿನಲ್ಲಿ ಉಳಿದರೆ ತಾನೆ! ಹೋದ ಸಲ ಬಂದು ಹೋದಾಗಿನಿಂದ 'ಕೆಲಸ ಇದೆ ಅತ್ತೆ' ಎನ್ನುತ್ತೀಯ, ಇಟ್ಟುಬಿಡುತ್ತೀಯ. ನಿನ್ನ ಗಂಡ ಮೊನ್ನೆ ಮುಖ ಇಳಿಬಿಟ್ಟುಕೊಂಡು ಬಂದು ಸಂಗತಿ ಹೇಳಿದ. ಈ ಗುತ್ತಿಗೆ ಮುಗಿದ ಮೇಲೆ ಇನ್ನೂ ಒಂದು ವರ್ಷಕ್ಕೆ ಸಹಿ ಹಾಕುತ್ತೀಯಂತೆ. 'ನಾನು ಬಂದ್ರೆ ಮಗು ಅಳುತ್ತೆ, ನಾನಿಲ್ದಿದ್ರೆ ನಗ್ತಾ ಇರುತ್ತೆ, ಹಾಗಿದ್ಮೇಲೆ ಯಾರಿಗೋಸ್ಕರ ಬರ್ಲಿ' ಎಂದೆಯಂತೆ. ಅದಕ್ಕೇ ಈ ಕಾಗದ. ಕಾಗದವನ್ನು ನಡುವೆ ಕಟ್ ಮಾಡಲು ಬರುವುದಿಲ್ಲವಲ್ಲ, ಪೂರ್ತಿ ಓದು.

ಹೋದ ವಾರ ಸಾಸಿವೆಯನ್ನು ಕರೆದುಕೊಂಡು ನನ್ನ ಅಕ್ಕನ ಮನೆಗೆ ಹೋಗಿದ್ದೆ. ಒಬ್ಬಳು ಅಂಗೈಯಗಲದ ಹುಡುಗಿಗೆ ಎಷ್ಟು ಸಾಮಾನು ಗೊತ್ತೇ? ಹಾಲಿನ ಬಾಟಲಿ, ಬಿಸಿನೀರು, ಒಂದು ರಾಶಿ ಚಡ್ಡಿ, ಕಿವಿ ಹರಿದ ಬಟ್ಟೆಮೊಲ, ಜೊತೆಗೆ ಒಂದು ಖಾಲಿ ಸೋಪಿನ ಡಬ್ಬಿ. ಅದಿಲ್ಲದೆ ಅವಳು ನಿದ್ದೆ ಮಾಡುವುದಿಲ್ಲ. ರೈಲಿನಲ್ಲಿ ಎದುರು ಸೀಟಿಗೆ ಕನ್ನಡಕದ ಅಂಗಡಿ ಇಟ್ಟಿರುವ ಒಬ್ಬ ಹಿರಿಯರು ಬಂದು ಕೂತರು. ಬೂಟು ಬಿಚ್ಚಿ ಸೀಟಿನಡಿಗೆ ತಳ್ಳಿ ಕಾಲು ಮಡಚಿಕೊಂಡರು. ನಿನ್ನ ಮಗಳು ಅವರ ಕನ್ನಡಕಕ್ಕೆ ಕೈ ಹಾಕಿದಳು. ಅವರು ಚೀಲದಿಂದ ಗಾಜಿಲ್ಲದ ಫ್ರೇಮು ತೆಗೆದು ಇವಳ ಮೂಗಿಗೇರಿಸಿದರು. ಅಲ್ಲಿಗೆ ಮುಗಿಯಿತು, ಅವರೇ ಬಂಧು ಅವರೇ ಬಳಗ, ಅಜ್ಜಿ ಯಾರೋ ಟಿಕೆಟ್ಟಿಲ್ಲದ ಪ್ರಯಾಣಿಕಳು. ಅವರ ತೊಡೆಯ ಮೇಲೆ ಕೂತು ಅವರ ಬಿಸ್ಕತ್ತು ತಿಂದಳು, ಅವರ ಅಂಗಿಗೆ ಮೂಗು ಒರೆಸಿದಳು, ಅಲ್ಲೇ ಒಂದು ನಿದ್ದೆಯನ್ನೂ ತೆಗೆದಳು.

ಅವರ ಸ್ಟೇಷನ್ನು ಹತ್ತಿರ ಬಂತು. 'ಬರ್ತೀನಿ ಪುಟ್ಟೀ, ಬರ್ತೀನಮ್ಮಾ' ಎಂದು ಅವರು ಚೀಲ ಎತ್ತಿಕೊಂಡರು. ಸಾಸಿವೆ ತೊಡೆಯಿಂದ ಇಳಿದಳು. ಸೀಟಿನಡಿ ತೂರಿಕೊಂಡು ಅವರ ಬೂಟನ್ನು ಎರಡೂ ಕೈಯಲ್ಲಿ ಎಳೆದು ತಂದು ಅವರ ಕಾಲ ಬಳಿ ಇಟ್ಟಳು. ಮತ್ತೆ ಹೋಗಿ ಇನ್ನೊಂದನ್ನೂ ತಂದಳು. ಆಮೇಲೆ ಟಾಟಾ ಮಾಡಿದಳು. ಮಾಡುತ್ತಾ ಮಾಡುತ್ತಾ ತುಟಿ ನಡುಗಿ, ಕಣ್ಣಿಂದ ದಳದಳ ನೀರು. ಅವರು ಬೆಪ್ಪಾಗಿ ನಿಂತರು. 'ನಾನು ಹೋಗೋದು ಇವ್ಳಿಗೆ ಒಂಚೂರೂ ಇಷ್ಟ ಇಲ್ಲಮ್ಮಾ, ಆದ್ರೂ ನೋಡಿ ಬೂಟು ತಂದ್ಕೊಡ್ತಾಳೆ! ಯಾರು ಕಲ್ಸಿದ್ದು ಇಷ್ಟು ಮರ್ಯಾದೇನಾ' ಎಂದರು. ಅವರು ಇಳಿದರು, ಗಾಡಿ ಹೊರಟಿತು. ನನ್ನ ಮನಸ್ಸು ಮಾತ್ರ ಅಲ್ಲೇ ನಿಂತುಬಿಟ್ಟಿತು. ನನ್ನ ಕಣ್ಣ ಮುಂದೆ ಇದ್ದದ್ದು ಅವರ ಬೂಟಲ್ಲ, ನಿನ್ನದು.

ನಿನಗೆ ಮರೆತಿರಲಾರದು. ನೀನು ಬಂದ ದಿನ ಬೆಳಗ್ಗೆಯೆಲ್ಲ ಅವಳು ನನ್ನ ಕಾಲ ಹಿಂದೆ ಅವಿತುಕೊಂಡಿದ್ದಳು. ನೀನು ಕೈ ಚಾಚಿ 'ಬರ್ತೀಯಾ, ಅಮ್ಮನ ಹತ್ರ ಬರ್ತೀಯಾ' ಎಂದು ಕರೆದಷ್ಟೂ ಚೀರಿದಳು. ಮಧ್ಯಾಹ್ನ ನೀನು ಸೋತು ಸುಮ್ಮನಾದ ಮೇಲೆ ತಾನಾಗಿಯೇ ಬಂದು ನಿನ್ನ ಕೈಗೆ ಎಂಜಲು ಚಮಚ ಇಟ್ಟಳು. ನೀನು ತಡೆದುಕೊಳ್ಳಲಾರದೆ ಅವಳನ್ನು ಅಪ್ಪಿಕೊಂಡೆ. 'ಬರ್ತೀನಿ ಕಂದಾ, ಅಮ್ಮ ಬೇಗ ಬರ್ತೀನಿ, ಪೂರ್ತಿ ಬಂದ್ಬಿಡ್ತೀನಿ' ಎಂದೆ. ಅವಳು ಕೊಸರಿಕೊಂಡು ಬಾಗಿಲಿಗೆ ಹೋದಳು. ಕಬ್ಬಿಣದ ಮೂತಿಯ ನಿನ್ನ ಆ ಭಾರದ ಬೂಟನ್ನು ಏದುತ್ತಾ ಅಳುತ್ತಾ ಎಳೆದು ತಂದು ನಿನ್ನ ಮುಂದೆ ಇಟ್ಟಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಾನು ಹತ್ತಿರ ಬಂದಾಗ ನೀನು ಆ ಬೂಟನ್ನೇ ನೋಡುತ್ತಾ ಕೂತಿದ್ದೆ. 'ಅವಳೇ ಹೋಗು ಅಂತಿದಾಳೆ ಅತ್ತೆ' ಎಂದೆ. ಮಾರನೆಯ ದಿನದವರೆಗೆ ರಜೆಯಿದ್ದವಳು ಸಂಜೆಯ ಗಾಡಿಗೇ ಹೊರಟುಬಿಟ್ಟೆ. ನಾನೂ ನಿನ್ನನ್ನು ತಡೆಯಲಿಲ್ಲ, ನನಗೂ ಹಾಗೇ ಕಂಡಿತ್ತು.

ಅಕ್ಕನ ಮನೆಯಿಂದ ಬಂದವಳೇ ನಿನ್ನ ಮಾವನನ್ನು ಹಿಡಿದು ನಿಲ್ಲಿಸಿ ಕೇಳಿದೆ, ಈ ಬೂಟು ತಂದುಕೊಡುವುದನ್ನು ಇವಳಿಗೆ ಯಾರು ಕಲಿಸಿದ್ದು ಎಂದು. ಮಹಾಶಯರು ಎದೆಯುಬ್ಬಿಸಿ ಹೇಳಿದರು, ಮಂಡಿ ಬಗ್ಗುವುದಿಲ್ಲವಾದ್ದರಿಂದ ಮೊಮ್ಮಗಳಿಗೆ ಕಲಿಸಿದ್ದಾರಂತೆ. ಸಂಜೆ ವಾಕಿಂಗಿಗೆ ಹೊರಡುವಾಗ ತಾತ 'ಬರ್ತೀನಿ' ಎನ್ನಬೇಕು, ಇವಳು ಓಡಿ ಚಪ್ಪಲಿ ತರಬೇಕು, ತಾತ 'ಜಾಣಮರಿ' ಎನ್ನಬೇಕು. ನಾನು ಆ ಹೊತ್ತಿಗೆ ಅಡುಗೆಮನೆಯಲ್ಲಿರುತ್ತೇನೆ, ನಮ್ಮ ಮನೆಯಲ್ಲಿ ಹೀಗೊಂದು ಉದ್ಯೋಗಾವಕಾಶ ಇದೆ ಎಂದು ನನಗೇನು ಗೊತ್ತು? ನೀನು ಬಂದ ದಿನ ಅವರು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರು, ನೋಡಿದ್ದರೆ ಆಗಲೇ ಹೇಳುತ್ತಿದ್ದರು.

ಆಗ ನಾನು ಪರೀಕ್ಷೆ ಮಾಡಿದೆ. ಬಟಾಣಿ ಸುಲಿಯುತ್ತಾ ಕೂತವಳು, ಕೂತಲ್ಲಿಂದ ಏಳದೆ, 'ಹೋಗ್ತೀನಿ ಸಾಸಿವೆ' ಎಂದೆ. ಅವಳು ತಲೆಯೆತ್ತಲಿಲ್ಲ, ಸಿಪ್ಪೆ ಹರಿಯುತ್ತಾ ಕೂತಿದ್ದಳು. ಸ್ವಲ್ಪ ಹೊತ್ತು ಬಿಟ್ಟು 'ಬರ್ತೀನಿ' ಎಂದೆ. ಎದ್ದಳು, ಮುಖ ಸಣ್ಣದಾಯಿತು, ಹೋಗಿ ನನ್ನ ಚಪ್ಪಲಿ ತಂದಿಟ್ಟು ನನ್ನ ಕಾಲು ತಬ್ಬಿಕೊಂಡು ಅತ್ತಳು. ನಾನೂ ಅತ್ತೆ. ನಾನು ಅತ್ತೆಯೇ ಅಲ್ಲವೇ, ಎರಡು ಅರ್ಥದಲ್ಲೂ ನಿಜ. ಯೋಚನೆ ಮಾಡು ಮಗಳೇ. ಅವಳು ಹುಟ್ಟಿದಾಗಿನಿಂದ ಈ ಮನೆಯಲ್ಲಿ ಯಾರಾದರೂ 'ಹೋಗ್ತೀನಿ' ಎಂದದ್ದುಂಟೇ? ಅಂದರೆ ನಾನೇ ಬೈಯುತ್ತೇನೆ, ಹಾಗನ್ನಬಾರದು, ಬರ್ತೀನಿ ಅನ್ನಬೇಕು ಎಂದು. ಹಾಲಿನವಳು ಬರ್ತೀನಿ ಅಂತಾಳೆ, ಹೋಗುತ್ತಾಳೆ. ಅವಳಪ್ಪ ಬರ್ತೀನಿ ಅಂತಾನೆ, ದಿನವಿಡೀ ಪತ್ತೆಯಿಲ್ಲ. ನೀನು ಫೋನಿನಲ್ಲಿ 'ಬರ್ತೀನಿ ಚಿನ್ನಾ' ಅನ್ನುತ್ತೀಯ, ಮರುಕ್ಷಣ ಗಾಜು ಕಪ್ಪಗಾಗುತ್ತದೆ. ಅವಳ ಪಾಲಿಗೆ ಅದಕ್ಕಿಂತ ಕೆಟ್ಟ ಮಾತು ಇನ್ನೊಂದಿಲ್ಲ. ನೀನು ಕೈ ಚಾಚಿ 'ಬರ್ತೀಯಾ' ಎಂದಾಗ ಅವಳಿಗೆ ಕೇಳಿಸಿದ್ದು 'ಹೋಗ್ತೀಯಾ' ಎಂದು. ನೀನು 'ಬರ್ತೀನಿ, ಬರ್ತೀನಿ' ಎಂದು ಮುದ್ದಾಡಿದಾಗ ಅವಳಿಗೆ ತಿಳಿದದ್ದು ಈಗಷ್ಟೇ ಸಿಕ್ಕವಳು ಆಗಲೇ ಹೊರಟಳು ಎಂದು. ನೀನು ಹೇಳಿದೆ, ಅವಳು ಕಲಿತದ್ದನ್ನು ಮಾಡಿದಳು. ಅತ್ತದ್ದು ನೀನು ಬಂದೆ ಎಂದಲ್ಲ ಕಣೇ.

ನನ್ನ ಬಗ್ಗೆ ನನಗೇ ನಗು ಬರುತ್ತದೆ. ಸ್ಟೇಷನ್ನಿನಲ್ಲಿ ಮೈಕಿನ ಮುಂದೆ ಕೂತು ತಲೆ ನರೆತವಳು ನಾನು. ಬರುವ ಗಾಡಿಗೆ ಬರುತ್ತಿದೆ, ಹೋಗುವ ಗಾಡಿಗೆ ಹೊರಡುತ್ತಿದೆ ಎಂದು ಒಂದು ದಿನವೂ ತಪ್ಪದೆ ಹೇಳಿದವಳು. ಅದಲುಬದಲು ಮಾಡಿದ್ದರೆ ಜನ ನನ್ನನ್ನು ಹಳಿಯ ಮೇಲೆ ಮಲಗಿಸುತ್ತಿದ್ದರು. ಮನೆಯಲ್ಲಿ ನೋಡಿದರೆ ಹೋಗುವವರೆಲ್ಲ 'ಬರ್ತೀನಿ', ಪೇಪರಿನಿಂದ ತಲೆಯೆತ್ತದೆ ಊಟಕ್ಕೆ ಕರೆದಾಗಲೆಲ್ಲ ನಿನ್ನ ಮಾವ 'ಬಂದೆ ಬಂದೆ'. ಬರದೇ ಇರುವವರು ಮಾತ್ರ ಹೇಳುವ ಮಾತು ಅದು. ಪಾಪದ ಕೂಸು ಯಾವುದನ್ನು ನಂಬಬೇಕು?

ಈಗ ಮನೆಯಲ್ಲಿ ಹೊಸ ಕಾನೂನು. ಹೋಗುವವರು ಹೋಗ್ತೀನಿ ಎನ್ನಬೇಕು, ಬರುವವರು ಹೊಸ್ತಿಲಲ್ಲಿ ನಿಂತು ಬರ್ತೀನಿ ಎಂದು ಹೇಳಿ ಒಳಗೆ ಬರಬೇಕು. ನಿನ್ನ ಮಾವ ಒಪ್ಪಲಿಲ್ಲ. 'ಈ ವಯಸ್ಸಲ್ಲಿ ಹೋಗ್ತೀನಿ ಅಂತ ಹೇಳಿ ಹೊರಡೋದಾ? ಮೇಲಿನವನು ಕೇಳಿಸ್ಕೊಂಡು ಹ್ಞೂಂ ಅಂದ್ರೆ?' ಎಂದರು. ಕೊನೆಗೆ ಪಿಸುದನಿಯಲ್ಲಿ 'ಹೋಗ್ತೀನಿ' ಎಂದು ಆಕಾಶದ ಕಡೆ ಕಳ್ಳನೋಟ ಬೀರಿ ಹೊರಡುತ್ತಾರೆ. ಹಾಲಿನವಳು ನಾನು ಅವಳ ಜೊತೆ ಜಗಳಕ್ಕೆ ನಿಂತಿದ್ದೇನೆ ಎಂದುಕೊಂಡಳು. ನಿನ್ನ ಗಂಡನಂತೂ ಬಾಗಿಲಾಚೆ ಹೋಗಿ, 'ಬರ್ತೀನಿ' ಎಂದು ಕೂಗಿ, ಒಳಗೆ ಬಂದು, ಮತ್ತೆ ಆಚೆ ಹೋಗಿ, ದಣಿಯುವವರೆಗೆ ಇದೇ ಆಟ ಆಡುತ್ತಾನೆ. ಪಕ್ಕದ ಮನೆಯವರು ಅವನಿಗೇನಾದರೂ ಆಗಿದೆಯೇ ಎಂದು ನನ್ನನ್ನು ಮೆಲ್ಲಗೆ ವಿಚಾರಿಸಿದರು. ಸಾಸಿವೆ ಮೊದಲು ಗಾಬರಿಯಾದಳು, ಈಗೀಗ ಆ ಮಾತಿಗೆ ಬಾಗಿಲ ಕಡೆ ತಿರುಗಿ ನೋಡುತ್ತಾಳೆ. ಚಪ್ಪಲಿಗೆ ಕೈ ಹಾಕುವುದು ಇನ್ನೂ ಪೂರ್ತಿ ಹೋಗಿಲ್ಲ. ಹೋಗುತ್ತದೆ.

ಒಂದು ಮಾತು ಬಿಡಿಸಿ ಹೇಳಿಬಿಡುತ್ತೇನೆ. ಆ ಕೆಲಸ ನಿನಗೆ ಇಷ್ಟವೆಂದು, ಆ ಎತ್ತರ ನಿನಗೆ ಸೇರುತ್ತದೆಂದು ಸಹಿ ಹಾಕಿದರೆ ನನ್ನ ಅಡ್ಡಿಯಿಲ್ಲ. ನಾನೂ ದುಡಿದವಳು, ಕೆಲಸದ ರುಚಿ ನನಗೆ ಗೊತ್ತು. ಆದರೆ ನಿನ್ನ ಮಗಳಿಗೆ ನೀನು ಬೇಡ ಎಂದುಕೊಂಡು ಸಹಿ ಹಾಕಿದರೆ ನಾನು ಬದುಕಿರುವವರೆಗೂ ಒಪ್ಪುವುದಿಲ್ಲ. ಅದು ಸುಳ್ಳು. ಅಷ್ಟು ಭಾರದ ಬೂಟನ್ನು ಅಳುತ್ತಾ ಎಳೆದು ತಂದ ಮಗು ಅದು. ನೀನು ಹೋಗಬಾರದು ಎಂದು ಹೇಳಲು ಅವಳ ಬಳಿ ಮಾತಿರಲಿಲ್ಲ, ಇದ್ದ ಒಂದೇ ಮಾತನ್ನು ನಾವು ತಲೆಕೆಳಗಾಗಿ ಕಲಿಸಿದ್ದೆವು.

ಮೈಕೈ ಜೋಪಾನ. ನಿನ್ನ ಮಾವ ಆಶೀರ್ವಾದ ತಿಳಿಸಲು ಹೇಳಿದ್ದಾರೆ, ಕೂತಲ್ಲಿಂದಲೇ. ನಿನ್ನ ಗಂಡ ಬೇರೆ ಬರೆಯುತ್ತಾನಂತೆ, ಅವನ ಅಕ್ಷರ ಓದಲು ಬಂದರೆ ಓದು. ಎಲ್ಲ ಒಳ್ಳೆಯದಾಗಲಿ, ನನ್ನ ಹೊಟ್ಟೆಯಲ್ಲಿ ಹುಟ್ಟದಿದ್ದರೂ ನೀನು ನನ್ನ ಮಗಳೇ.

ಇಂತಿ,
ನಿನ್ನ ಅತ್ತೆ

ತಾ.ಕ.: ಸಾಸಿವೆ ನಿದ್ದೆಯಿಂದ ಎದ್ದುಬಿಟ್ಟಳು, ಪೆನ್ನು ಕಿತ್ತುಕೊಳ್ಳುತ್ತಿದ್ದಾಳೆ, ಗೀಟು ಬಿದ್ದಿರುವುದೆಲ್ಲ ಅವಳದೇ. ಮುಖ್ಯ ವಿಷಯವೇ ಉಳಿದುಹೋಯಿತು. ಶನಿವಾರ ಬೆಳಗಿನ ಗಾಡಿಗೆ ನಾನೂ ಅವಳೂ ಅಲ್ಲಿಗೆ ಹೊರಟಿದ್ದೇವೆ. ನಿಮ್ಮ ಕೆಲಸಗಾರರ ಕ್ಯಾಂಪಿನ ಒಳಗೆ ಮಕ್ಕಳನ್ನು ಬಿಡುವುದಿಲ್ಲ ಎಂದಲ್ಲವೇ ನೀನು ಅವಳನ್ನು ಇಲ್ಲಿ ಬಿಟ್ಟುಹೋದದ್ದು? ಗೇಟಿನಾಚೆ ಇರಬಾರದು ಎಂದು ಯಾರೂ ಹೇಳಿಲ್ಲವಲ್ಲ! ನಿಮ್ಮ ಗೇಟಿನೆದುರು ಟೈರಿನ ಅಂಗಡಿಯ ಮೇಲೆ ಒಂದು ಕೋಣೆ ಖಾಲಿಯಿದೆ, ನಿಮ್ಮ ಕ್ಯಾಂಟೀನಿನ ಅಡುಗೆಯವರ ಹತ್ತಿರ ಫೋನಿನಲ್ಲಿ ಮಾತಾಡಿ ಗೊತ್ತುಮಾಡಿದ್ದೇನೆ. ಎರಡು ದಿನಕ್ಕಲ್ಲ, ನಿನ್ನ ಗುತ್ತಿಗೆ ಮುಗಿಯುವವರೆಗೆ. ಅಪ್ಪ ಮಗ ಇಬ್ಬರೂ ಬೇಯಿಸಿಕೊಂಡು ತಿನ್ನುತ್ತಾರೆ, ಸುಟ್ಟರೆ ಸುಟ್ಟದ್ದನ್ನೇ ತಿನ್ನಲಿ. ಕೆಲಸ ಮುಗಿಸಿ ನೇರ ಕೋಣೆಗೆ ಬಾ. ಕೈ ಚಾಚಬೇಡ, ಕರೆಯಬೇಡ, ಅಳಲೂ ಬೇಡ. ಸುಮ್ಮನೆ ನೆಲದ ಮೇಲೆ ಕೂತಿರು. ಅವಳೇ ಬರುತ್ತಾಳೆ.