ಗದ್ದಕ್ಕೂ ಎದೆಗೂ ಒಂದು ದಾರ

ತಲೆ ತಗ್ಗಿಸಿದ ನನ್ನ ರಾಜನಿಗೆ,

ಗದ್ದವನ್ನು ಎದೆಗೆ ಹೊಲಿಸಿಕೊಂಡು ಕೂತವನಿಗೆ ಕಾಣುವುದೇ ಅವನ ತೊಡೆ. ಪತ್ರವನ್ನು ಅಲ್ಲಿಟ್ಟರೆ ಓದದೆ ದಾರಿಯಿಲ್ಲ. ಮಾತಾಡಬಾರದು ಎಂದು ಡಾಕ್ಟರು ಹೇಳಿದ್ದಾರೆ, ಹಾಗಾಗಿ ಎದುರುತ್ತರವೂ ಇಲ್ಲ. ಮದುವೆಯಾದ ಎರಡನೇ ತಿಂಗಳಿಗೇ ಇಂಥ ಅದೃಷ್ಟ ಯಾವ ಹೆಂಡತಿಗೆ ಸಿಗುತ್ತದೆ ಹೇಳು.

ನಿನಗೆ ಅರ್ಧ ನೆನಪಿರಲಾರದು. ನಿಮ್ಮ ಆಫೀಸಿನ ಕ್ರೀಡಾಕೂಟದಲ್ಲಿ ಸೈಕಲ್ ತುಳಿಯುತ್ತಾ, ಹಿಂದೆ ತಿರುಗಿ ನನಗೆ ಕೈ ಬೀಸಿದೆ. ಮುಂದೆ ಟೆಂಟಿನ ಹಗ್ಗವಿತ್ತು, ಕುತ್ತಿಗೆಗೇ ಬಡಿಯಿತು. ಎದ್ದು ಕೂತು "ಏನಾಗಿಲ್ಲ, ಸುಮ್ನಿರು" ಅಂದೆ. ಆದರೆ ಆ ಗೊಗ್ಗರು ದನಿ ನಿನ್ನದಾಗಿರಲಿಲ್ಲ.

ಆಸ್ಪತ್ರೆಯಲ್ಲಿ ಹೊರಗೆ ಕಂಡದ್ದು ಒಂದು ಕೆಂಪು ಗೆರೆ ಮಾತ್ರ. ಸಮಾಧಾನಕ್ಕೆಂದು ನಾನು ನಿನ್ನ ಕುತ್ತಿಗೆ ಸವರಿದರೆ ಚರ್ಮದಡಿ ಚಟಚಟ. ಮದುವೆ ಉಡುಗೊರೆಗಳಿಗೆ ಸುತ್ತಿದ್ದ ಗುಳ್ಳೆ ಪ್ಲಾಸ್ಟಿಕ್ಕನ್ನು ಇಬ್ಬರೂ ಕೂತು ಒತ್ತಿ ಒಡೆದೆವಲ್ಲ, ಥೇಟ್ ಹಾಗೆ. "ಮೇಡಂ, ಇವ್ರ ಕುತ್ತಿಗೆ ಬಬಲ್ ರ‍್ಯಾಪ್ ಥರ ಇದೆ" ಅಂದೆ. ಸರ್ಜನ್ ಮೇಡಂ ನಗುತ್ತಲೇ ಬಂದು ಒತ್ತಿ ನೋಡಿದರು. ನಗು ನಿಂತಿತು. "ಯಾರೂ ಮಲಗಿಸ್ಬೇಡಿ. ಗಾಳಿ ಸೋರ್ತಿದೆ, ಉಸಿರುನಾಳ ಹರಿದಿದೆ."

ಆಮೇಲೆ ಅವರೇ ಚಿತ್ರ ಬರೆದು ನನಗೆ ತಿಳಿಸಿದರು. ನೋಡದೆ ಗಂಟಲೊಳಗೆ ಉಸಿರಿನ ಕೊಳವೆ ತೂರಿಸಿದ್ದರೆ ಅದು ಹರಿದಲ್ಲಿಂದ ಹೊರಗೆ ನುಗ್ಗಿ, ಹಿಂಬದಿಯಲ್ಲಿ ಉಳಿದಿದ್ದ ಎಳೆಯೂ ಕಿತ್ತುಹೋಗುತ್ತಿತ್ತಂತೆ. ಅದಕ್ಕೇ ತುದಿಯಲ್ಲಿ ಕ್ಯಾಮೆರಾ ಇರುವ ಸಣ್ಣ ನಳಿಕೆ ಇಳಿಸಿ, ಹರಿದ ಜಾಗವನ್ನು ಕಣ್ಣಾರೆ ಕಂಡು ದಾಟಿ, ಅದರ ಮೇಲೇ ಉಸಿರಿನ ಕೊಳವೆ ಜಾರಿಸಿದರು. ಕುತ್ತಿಗೆ ತೆರೆದು, ಜಜ್ಜಿದ ಅಂಚು ಕತ್ತರಿಸಿ, ಎರಡು ತುದಿಗಳನ್ನು ಸೇರಿಸಿ ಹೊಲಿದರು. ನೀನು ತಲೆ ಎತ್ತಿದರೆ ಒಳಗಿನ ಹೊಲಿಗೆ ಬಿಚ್ಚಿಕೊಂಡೀತೆಂದು ಗದ್ದಕ್ಕೂ ಎದೆಗೂ ಈ ದಪ್ಪ ದಾರ. ಅತ್ತೆ ನೋಡಿ ಅತ್ತರು. ಕಣ್ಣೊರೆಸಿಕೊಂಡು, "ಸ್ವಲ್ಪ ತಲೆ ತಗ್ಗಿಸಿ ನಡಿಯೋ ಅಂತ ಹುಟ್ಟಿದಾಗಿಂದ ಹೇಳ್ತಿದ್ದೆ. ಡಾಕ್ಟ್ರಮ್ಮ ಒಂದು ದಾರದಲ್ಲಿ ಮಾಡಿಸಿಬಿಟ್ರಲ್ಲ" ಅಂದರು.

ನಾಳೆ ಮತ್ತೆ ಒಳಗೆ ನೋಡುತ್ತಾರೆ. ಕೂಡಿಕೊಂಡಿದ್ದರೆ ದಾರ ಕತ್ತರಿಸುತ್ತಾರೆ. ಕೂಡಿಕೊಂಡಿರುತ್ತದೆ. ನಿನ್ನ ಉಸಿರಿನ ಸದ್ದು ನನಗೆ ಗೊತ್ತಿಲ್ಲವೇ? ಎರಡು ದಿನದಿಂದ ಅದು ನಿನ್ನದೇ, ಹಳೆಯದೇ.

ಈ ವಾರವೆಲ್ಲ ನಿನಗೆ ಕಂಡದ್ದು ನನ್ನ ಪಾದ ಮಾತ್ರ ಎಂದು ಉಗುರಿಗೆ ದಿನಕ್ಕೊಂದು ಬಣ್ಣ ಹಚ್ಚಿಕೊಂಡು ಬಂದೆ. ನಾಳೆ ಹಚ್ಚುವುದಿಲ್ಲ, ಎದುರಿಗೇ ನಿಂತಿರುತ್ತೇನೆ. ಆತುರ ಬೇಡ. ಮೊದಲು ಮಂಡಿ ಕಾಣಲಿ, ಆಮೇಲೆ ಕೈ, ಆಮೇಲೆ ಭುಜ. ಮುಖಕ್ಕೆ ಬರುವಷ್ಟರಲ್ಲಿ ನಾನು ಅಳು ಮುಗಿಸಿರುತ್ತೇನೆ.

ನಿನ್ನ ಉಸಿರು ಸಲೀಸಾಗಿ ಓಡಾಡಲಿ. ಇನ್ನು ಮುಂದೆ ಕೈ ಬೀಸುವಾಗ ತಿರುಗಬೇಡ. ಹಿಂದಿನಿಂದಲೂ ನನಗೆ ಕಾಣುತ್ತದೆ.

ಪಾದ ನೋಡಿಯೇ ನೀನು ಗುರುತು ಹಿಡಿಯುವ,
ನಿನ್ನವಳು